ಪಾಸ್ತೋ–ಕ್ಯಾಲಿ, ಬೆಳಗಿನ ಐದರ ಬಸ್ಸು

ಪಾಸ್ತೋ
೬ ಫೆಬ್ರವರಿ ೧೯೯೦

ದೋನ್ಯಾ ಫಾಬಿಯೋಲಾ ಕಾಯ್ಸೇದೋ ಅವರಿಗೆ,

ನನ್ನ ಪರಿಚಯ ನಿಮಗಿಲ್ಲ. ನಾನು ದೆಯಾನೀರಾ, ಸೆಗುಂದೋ ಇನ್ಸುವಾಸ್ತಿಯವರ ಮಗಳು. ಅಪ್ಪ ಮೂವತ್ತು ವರ್ಷ ಇಲ್ಲಿಂದ ಕ್ಯಾಲಿಗೆ ಬಸ್ಸು ಓಡಿಸಿದವರು. ಒಂದು ದಿನ ಹೋಗುವುದು, ಮಾರನೆಯ ದಿನ ಬರುವುದು. ಅವರ ಹಳೆಯ ಕೋಟಿನ ಜೇಬಿನಲ್ಲಿ ಮೊನ್ನೆ ನಿಮ್ಮ ವಿಳಾಸದ ಚೀಟಿ ಸಿಕ್ಕಿತು. ಅದಕ್ಕೇ ಬರೆಯುತ್ತಿದ್ದೇನೆ.

ನವೆಂಬರಿನಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ಎಡಗಡೆ ಬಿದ್ದುಹೋಗಿದೆ, ಮಾತು ಅಷ್ಟಿಷ್ಟು. ಜನವರಿಯಿಂದ ಹೊಸದೊಂದು ಶುರುವಾಗಿದೆ. ಬೆಳಿಗ್ಗೆ ಐದಕ್ಕೆ ಸರಿಯಾಗಿ ಹಾಸಿಗೆಯಲ್ಲಿ ಎದ್ದು ಕೂರುತ್ತಾರೆ. ಬಲಗೈಯಲ್ಲಿ ಗೇರು ಹಾಕುತ್ತಾರೆ. "ಚಚಗ್ವೀ, ಚಚಗ್ವೀ, ಯಾರಪ್ಪಾ ಇಳಿಯೋರು?" ಎನ್ನುತ್ತಾರೆ. ಹುವಾನಂಬೂ ಸೇತುವೆಯ ಹತ್ತಿರ ನಿಧಾನ ಮಾಡುತ್ತಾರೆ. ಪತೀಯಾ ಬಯಲಿಗೆ ಇಳಿದರೆ ಸೆಕೆ ಎಂದು ಕತ್ತಿನ ಗುಂಡಿ ಬಿಚ್ಚುತ್ತಾರೆ; ಇಲ್ಲಿ ಕೋಣೆಯಲ್ಲಿ ನಾನು ಉಣ್ಣೆ ಹೊದ್ದು ನಡುಗುತ್ತಿರುತ್ತೇನೆ. ಮಧ್ಯಾಹ್ನ ಎರಡರ ಹೊತ್ತಿಗೆ ಕ್ಯಾಲಿ ಮುಟ್ಟುತ್ತಾರೆ. ಆಗ ಬಾಗಿಲ ಕಡೆ ತಿರುಗಿ, "ಫಾಬಿ, ಬಂದೆ ಕಣೇ" ಎನ್ನುತ್ತಾರೆ. ಬಾಗಿಲಲ್ಲಿ ನಿಂತಿರುವುದು ನಾನು. ಆಮೇಲೆ ಅವರ ಮುಖ ನೋಡಲಾಗುವುದಿಲ್ಲ.

ಅಮ್ಮ ತೀರಿಕೊಂಡು ಮೂರು ವರ್ಷವಾಯಿತು. ಹಾಗಾಗಿ ಇದನ್ನು ಕೇಳಿದರೆ ಈಗ ಯಾರಿಗೂ ನೋವಿಲ್ಲ. ಬಂದೆ ಎಂದಾಗ ಅವರಿಗೆ ಏನು ಉತ್ತರ ಸಿಗುತ್ತಿತ್ತು? ತಿಳಿಸಿದರೆ ಅದನ್ನು ನಾನೇ ಹೇಳುತ್ತೇನೆ.

ದೆಯಾನೀರಾ ಇನ್ಸುವಾಸ್ತಿ

ಕ್ಯಾಲಿ
೨೭ ಫೆಬ್ರವರಿ ೧೯೯೦

ದೆಯಾನೀರಾ ಇನ್ಸುವಾಸ್ತಿಯವರೇ,

ಪತ್ರ ಅಮ್ಮನ ಹೆಸರಿಗಿತ್ತು. ಒಡೆದವಳು ನಾನು, ಅವಳ ಮಗಳು ನೊರಾಲ್ಬಾ. ಅಮ್ಮ ಈಗಿಲ್ಲ.

ನಿಮ್ಮ ತಂದೆ ನನಗೂ ತಂದೆ. ಇದು ನಿಮಗೆ ಹೊಸ ಸುದ್ದಿಯೋ ಏನೋ, ನಿಮ್ಮ ಮನೆಯೊಂದು ಇದೆ ಎಂಬುದು ನಮಗೆ ಮೊದಲಿನಿಂದಲೂ ಗೊತ್ತಿತ್ತು. ಅಮ್ಮ ಅದನ್ನು ಒಪ್ಪಿಕೊಂಡೇ ಬದುಕಿದಳು. ಒಪ್ಪಲಾಗದೆ ಹೋದದ್ದು ಬೇರೆ. ೧೯೭೯ರ ಆಗಸ್ಟಿನಲ್ಲಿ ಒಂದು ಮಂಗಳವಾರ ಅವರು ಬರಲಿಲ್ಲ. ಗುರುವಾರವೂ ಬರಲಿಲ್ಲ. ಬಸ್ಸು ಪ್ರಪಾತಕ್ಕೆ ಬಿತ್ತು ಎಂದುಕೊಂಡು ಅಮ್ಮ ಒಂದು ವಾರ ದಿನಾ ನಿಲ್ದಾಣಕ್ಕೆ ಹೋದಳು. ಕೊನೆಗೆ ಒಬ್ಬ ಡ್ರೈವರ್ ಕನಿಕರಪಟ್ಟು, "ಅವ್ರು ಲೈನ್ ಬದಲಾಯಿಸ್ಕೊಂಡ್ರಮ್ಮ. ಈಗ ಗಡಿ ಕಡೆ ಓಡಿಸ್ತಾರೆ, ಇಪಿಯಾಲೆಸ್‌ಗೆ. ಚೆನ್ನಾಗೇ ಇದ್ದಾರೆ" ಎಂದ. ಆ ಕೊನೆಯ ಮಾತು ಹೇಳದೇ ಇದ್ದಿದ್ದರೆ ಎಷ್ಟೋ ವಾಸಿಯಿತ್ತು.

ಏನು ಉತ್ತರ ಸಿಗುತ್ತಿತ್ತು ಎಂದು ಕೇಳಿದ್ದೀರಿ. ಅದು ಈ ಮನೆಯ ಮಾತು. ಕೊಡುವುದಿಲ್ಲ.

ನಾನು ಕುಣಿಯುವವರಿಗೆ ಶೂ ಹೊಲಿದು ಬದುಕುವವಳು, ಕೈತುಂಬ ಕೆಲಸವಿದೆ. ಮತ್ತೆ ಬರೆಯಬೇಡಿ.

ನೊರಾಲ್ಬಾ ಕಾಯ್ಸೇದೋ

ಪಾಸ್ತೋ
೧೪ ಮಾರ್ಚ್ ೧೯೯೦

ಶ್ರೀಮತಿ ನೊರಾಲ್ಬಾ ಅವರಿಗೆ,

ಬರೆಯಬೇಡಿ ಎಂದಿದ್ದೀರಿ. ಆದರೆ ಸಾವಿನ ಸುದ್ದಿ ತಿಳಿದೂ ಸುಮ್ಮನಿರುವುದು ನಮ್ಮಲ್ಲಿ ಸಲ್ಲದು. ನಿಮ್ಮ ತಾಯಿಯವರ ಹೆಸರಿನಲ್ಲಿ ಭಾನುವಾರ ಸಾನ್ ಫೆಲೀಪೆ ಇಗರ್ಜಿಯಲ್ಲಿ ಪೂಜೆ ಮಾಡಿಸಿದೆ. ಪಾದ್ರಿಗಳು ಹೆಸರು ಓದಿದಾಗ ಅಕ್ಕಪಕ್ಕದವರು ನನ್ನ ಕಡೆ ನೋಡಿದರು. ದೂರದ ನೆಂಟರು ಎಂದೆ. ಅಷ್ಟು ಧೈರ್ಯ ಮಾತ್ರ ಆಯಿತು.

ಅಪ್ಪನಿಗೂ ಹೇಳಿದೆ. ಪ್ರತಿದಿನ ಅಲ್ಲಿಗೆ ಹೋಗಿ ಬರಿಗೈಯಲ್ಲಿ ನಿಲ್ಲುವುದಕ್ಕಿಂತ ತಿಳಿದುಕೊಳ್ಳುವುದು ಮೇಲು ಅನ್ನಿಸಿತು. ಹತ್ತಿರ ಕೂತು, ಕೈ ಹಿಡಿದು, "ಅಪ್ಪಾ, ದೋನ್ಯಾ ಫಾಬಿಯೋಲಾ ಹೋಗ್ಬಿಟ್ರಂತೆ" ಎಂದೆ. ಅವರು ಮಾರನೆಯ ಬೆಳಿಗ್ಗೆ ಐದಕ್ಕೆ ಏಳಲಿಲ್ಲ. ಅಂದಿನಿಂದ ಬಸ್ಸು ನಿಂತಿದೆ. ಗೋಡೆಯ ಕಡೆ ತಿರುಗಿ ಶಾಂತವಾಗಿ ಮಲಗಿರುತ್ತಾರೆ. ನಿಮ್ಮ ಪತ್ರ ಕಟುವಾಗಿದ್ದರೂ ಅದರಿಂದ ಒಂದು ಒಳ್ಳೆಯದಾಯಿತು ಎಂದು ತಿಳಿಸಲು ಇದನ್ನು ಬರೆದೆ.

ದೆಯಾನೀರಾ

ಪಾಸ್ತೋ
೧೦ ಏಪ್ರಿಲ್ ೧೯೯೦

ಶ್ರೀಮತಿ ನೊರಾಲ್ಬಾ ಅವರಿಗೆ,

ಶಾಂತವಾಗಿದ್ದಾರೆ ಎಂದು ಬರೆದಿದ್ದೆ. ಅದು ಶಾಂತಿಯಲ್ಲ.

ಊಟ ಬಿಟ್ಟಿದ್ದಾರೆ. ಆಲೂಗಡ್ಡೆ ಸಾರು, ಗಿಣ್ಣು, ಮುಸುಕಿನ ಜೋಳದ ಹಿಟ್ಟಿನ ಗಂಜಿ, ಯಾವುದೂ ಬೇಡ. ಬಾಯಿಗೆ ಚಮಚ ಇಟ್ಟರೆ ತುಟಿ ಬಿಗಿಯುತ್ತಾರೆ. ಡಾಕ್ಟರು, "ಇದು ಮೈಯಿಂದ ಬಂದದ್ದಲ್ಲಮ್ಮ, ಮನೇಲಿ ಏನಾದ್ರೂ ನಡೀತಾ?" ಎಂದು ಕೇಳಿದರು. ಏನೂ ಇಲ್ಲ ಎಂದೆ.

ನಾನು ಬಾರ್ನೀಸ್ ಕೆಲಸದವಳು. ಕಾಡಿನ ಮೊಗ್ಗಿನ ಅಂಟನ್ನು ಕುದಿಸಿ, ತೆಳುವಾಗಿ ಎಳೆದು, ಮರದ ಪೆಟ್ಟಿಗೆಗಳ ಮೇಲೆ ಅಂಟಿಸಿ ಹೂ ಕತ್ತರಿಸುತ್ತೇನೆ. ಕೈಗೆ ತಾಳ್ಮೆ ಇದೆ ಎಂದು ಎಲ್ಲರೂ ಹೊಗಳುತ್ತಾರೆ. ಆ ತಾಳ್ಮೆ ಈಗ ಕೆಲಸಕ್ಕೆ ಬರುತ್ತಿಲ್ಲ. ನಿಮ್ಮ ಮನೆಯಲ್ಲಿ ಅವರು ಏನು ಉಣ್ಣುತ್ತಿದ್ದರು? ಅಷ್ಟಾದರೂ ಬರೆಯಿರಿ.

ದೆಯಾನೀರಾ

ಕ್ಯಾಲಿ
೧೯ ಏಪ್ರಿಲ್ ೧೯೯೦

ದೆಯಾನೀರಾ,

ನಿಮ್ಮ ಮಾರ್ಚ್ ಪತ್ರ ಬಂದಾಗ ಎರಡು ಸಲ ಓದಿ ಮೇಜಿನ ಖಾನೆಯಲ್ಲಿಟ್ಟೆ. ಉತ್ತರ ಬರೆಯಬೇಕಿತ್ತು. ಬರೆಯಲಿಲ್ಲ.

ಅಮ್ಮ ಸತ್ತಿಲ್ಲ. "ಈಗಿಲ್ಲ" ಎಂದು ಬರೆದದ್ದು ಊರಲ್ಲಿಲ್ಲ ಎಂಬ ಅರ್ಥದಲ್ಲಿ. ಚಿಕ್ಕಮ್ಮನಿಗೆ ಸೊಂಟದ ಆಪರೇಷನ್ ಆಗಿ ಅಮ್ಮ ಪಲ್ಮೀರಾದಲ್ಲಿದ್ದಾಳೆ. ನೀವು ಹಾಗೆ ಓದಿಕೊಂಡಿರಿ ಎಂದು ತಿಳಿದ ಮೇಲೂ ನಾನು ತಿದ್ದಲಿಲ್ಲ. ನಿಜ ಹೇಳಬೇಕೆಂದರೆ, ಪೂಜೆ ಮಾಡಿಸಿದೆ ಎಂದು ಓದಿ ಮೊದಲು ನಗು ಬಂತು. ಪಾಸ್ತೋದವರ ದಡ್ಡತನದ ಮೇಲೆ ಇಲ್ಲಿ ದಿನಕ್ಕೊಂದು ಜೋಕು ಹುಟ್ಟುತ್ತದೆ, ಇನ್ನೊಂದು ಸಿಕ್ಕಿತು ಎಂದುಕೊಂಡೆ. ನಿಮ್ಮ ತಂದೆಯೂ ಸ್ವಲ್ಪ ಕಾಯಲಿ, ಸತ್ತಳು ಎಂದುಕೊಂಡು ಒಂದು ವಾರ ಅಳಲಿ, ಅಮ್ಮ ಅತ್ತ ಹಾಗೆ ಎಂದೂ ಅನ್ನಿಸಿತು. ಊಟ ಬಿಡುತ್ತಾರೆ ಎಂದು ನನಗೆ ಹೊಳೆಯಲೇ ಇಲ್ಲ.

ಇವತ್ತೇ ಹೇಳಿಬಿಡಿ. ಫಾಬಿ ಇದ್ದಾಳೆ, ಗಟ್ಟಿಯಾಗಿದ್ದಾಳೆ, ಅರವತ್ತಾರು ವರ್ಷಕ್ಕೂ ಪಲ್ಮೀರಾದ ಸಂತೆಯಲ್ಲಿ ಚೌಕಾಸಿ ಮಾಡುತ್ತಾಳೆ ಎಂದು ಹೇಳಿ. ನೀವು ಕೇಳಿದ ಉತ್ತರ ಇದು. ಬಂದೆ ಎಂದರೆ ಅಮ್ಮ ಅಡುಗೆಮನೆಯಿಂದಲೇ, "ಕೈ ತೊಳ್ಕೋ, ಊಟ ಆರ್ತಾ ಇದೆ" ಎನ್ನುತ್ತಿದ್ದಳು. ಅಷ್ಟೇ. ಊಟ ಎಂದರೆ ಬಾಳೆಕಾಯಿ, ಮರಗೆಣಸು ಹಾಕಿದ ಕೋಳಿ ಸಾರು.

ನೊರಾಲ್ಬಾ

ಪಾಸ್ತೋ
೨೯ ಏಪ್ರಿಲ್ ೧೯೯೦

ನೊರಾಲ್ಬಾ ಅವರೇ,

ಹೇಳಿದೆ. ಅವರು ನಂಬುತ್ತಿಲ್ಲ. "ಸಮಾಧಾನಕ್ಕೆ ಸುಳ್ಳು ಹೇಳ್ಬೇಡ ಮಗಳೇ" ಎಂದರು. ಒಂದು ತಿಂಗಳಲ್ಲಿ ಅವರು ಆಡಿದ ಪೂರಾ ಮಾತು ಅದೊಂದೇ. ಬಾಳೆಕಾಯಿ ಸಾರು ಮಾಡಿ, ನೀವು ಬರೆದ ಹಾಗೆಯೇ ಅಡುಗೆಮನೆಯಿಂದ ಕೂಗಿದೆ. ತಲೆ ಎತ್ತಿದರು. ನಾನು ಬಟ್ಟಲು ಹಿಡಿದು ಒಳಗೆ ಬಂದದ್ದು ಕಂಡು ಮತ್ತೆ ಗೋಡೆಗೆ ತಿರುಗಿದರು. ಈಗ ದಿನಕ್ಕೆ ನಾಲ್ಕು ಚಮಚ ಗಂಜಿ ಇಳಿಯುತ್ತಿದೆ, ಅಷ್ಟೇ.

ನಿಮ್ಮ ಮೇಲೆ ಸಿಟ್ಟು ಬಂತು. ಬೈದು ಒಂದು ಪತ್ರ ಬರೆದೂ ಇಟ್ಟೆ. ಆದರೆ ಅದನ್ನು ಕಳಿಸುವ ಹಕ್ಕು ನನಗಿಲ್ಲ.

ನಿಮ್ಮ ವಿಳಾಸ ಮೊನ್ನೆ ಸಿಕ್ಕಿದ್ದಲ್ಲ. ಹನ್ನೊಂದು ವರ್ಷದ ಹಿಂದೆ ಸಿಕ್ಕಿತ್ತು. ಕ್ಯಾಲಿಯ ಚಮ್ಮಾರನೊಬ್ಬ ಕೊಟ್ಟ ಚೀಟಿ, ಹೆಂಗಸರ ಚಪ್ಪಲಿ ರಿಪೇರಿಯದು. ಅಮ್ಮನಿಗೆ ತೋರಿಸಲಿಲ್ಲ. ಅಪ್ಪ ಬೆಳಿಗ್ಗೆ ಐದಕ್ಕೆ ಬಸ್ಸು ತೆಗೆದುಕೊಂಡು ಹೊರಟ ಮೇಲೆ, ನಾನು ಹತ್ತೂವರೆಯ ವಿಮಾನ ಹತ್ತಿದೆ. ಮೊದಲನೆಯ ಸಲ ಹತ್ತಿದ್ದು, ಮತ್ತೆ ಹತ್ತಿಲ್ಲ. ಒಂಬತ್ತು ಗಂಟೆಯ ದಾರಿ ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ಕಿಟಕಿಯಿಂದ ರಸ್ತೆ ಹುಡುಕಿದೆ. ಬೆಟ್ಟಗಳ ಮೇಲೆ ಯಾರೋ ದಾರ ಬೀಳಿಸಿಕೊಂಡು ಹೋದ ಹಾಗಿತ್ತು. ಅದರ ಮೇಲೆ ಎಲ್ಲೋ ಅಪ್ಪ ಗೇರು ಬದಲಿಸುತ್ತಿದ್ದರು, ನಾನು ಅವರನ್ನು ದಾಟಿ ಹೋಗುತ್ತಿದ್ದೆ.

ನಿಮ್ಮ ಮನೆಯ ಎದುರಿನ ಹಣ್ಣಿನ ಅಂಗಡಿಯ ನೆರಳಿನಲ್ಲಿ ನಿಂತೆ. ಎರಡೂವರೆಗೆ ಅಪ್ಪ ನಡೆದು ಬಂದರು, ತಲೆ ಬಾಚಿಕೊಂಡಿದ್ದರು. ನೀವು ಬಾಗಿಲು ತೆಗೆದು ಅವರ ಚೀಲ ಕಸಿದುಕೊಂಡಿರಿ, ಏನೋ ಅಂದಿರಿ. ಅವರು ನಕ್ಕರು. ಬಾಯ್ತುಂಬ ನಕ್ಕರು. ನಮ್ಮ ಮನೆಯಲ್ಲಿ ಅಪ್ಪ ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ.

ರಾತ್ರಿಯ ಬಸ್ಸಿನಲ್ಲಿ ವಾಪಸು ಬಂದು ಮರುದಿನ ಅಮ್ಮನಿಗೆ ಎಲ್ಲ ಹೇಳಿದೆ. ಅಮ್ಮ ಅಪ್ಪನನ್ನು ಕೂರಿಸಿಕೊಂಡು, ಈ ಮನೆಯೋ ಆ ರಸ್ತೆಯೋ ಎಂದು ಕೇಳಿದರು. ಆ ಆಗಸ್ಟಿನಲ್ಲಿ ಅವರು ಲೈನು ಬದಲಿಸಿಕೊಂಡರು. ಅಮ್ಮನ ಪರವಾಗಿ ಮಾಡಿದೆ ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ. ಈಗ ನೋಡಿದರೆ ಆ ನಗುವಿನ ಮೇಲಿನ ಹೊಟ್ಟೆಕಿಚ್ಚಿಗೆ ಮಾಡಿದ್ದು.

ನಿಮ್ಮ ತಾಯಿ ನಿಲ್ದಾಣದಲ್ಲಿ ಕಾದ ಆ ವಾರ ನನ್ನದು. ಇನ್ನು ನೀವು ಬರೆಯದಿದ್ದರೆ ನನಗೆ ಅರ್ಥವಾಗುತ್ತದೆ.

ದೆಯಾನೀರಾ

ಕ್ಯಾಲಿ
೨೬ ಮೇ ೧೯೯೦

ದೆಯಾನೀರಾ,

ಬರೆಯಬಾರದು ಎಂದೇ ಇದ್ದೆ. ನಾಲ್ಕು ವಾರ ಹಾಗೇ ಇದ್ದೆ ಕೂಡ. ಅಂಗಡಿಗೆ ಬಂದವರ ಮೇಲೆಲ್ಲ ರೇಗಾಡಿದೆ. ಒಬ್ಬ ನೃತ್ಯಗಾರನಿಗೆ ಎರಡೂ ಎಡಗಾಲಿನ ಶೂ ಹೊಲಿದು ಕೊಟ್ಟೆ.

ಅಮ್ಮ ಪಲ್ಮೀರಾದಿಂದ ವಾಪಸು ಬಂದಳು. ಸೂಜಿ ಹುಡುಕುತ್ತ ಖಾನೆ ತೆಗೆದಳು. ಪತ್ರಗಳನ್ನು ಒಂದಾದ ಮೇಲೊಂದು ಓದಿದಳು, ತಾರೀಖಿನ ಪ್ರಕಾರ ಜೋಡಿಸಿಕೊಂಡು.  ಮುಗಿಸಿ ಕನ್ನಡಕ ತೆಗೆದು ಕೇಳಿದ್ದು ಇಷ್ಟು: "ನನ್ನ ಹೆಸರಲ್ಲಿ ಪೂಜೆ ಮಾಡ್ಸಿದ್ದಾಳಾ, ಪಾಪ?"

"ನೀನು ಬೇಕಾದ್ರೆ ಪಾಪ ಅನ್ನಮ್ಮ. ಅವ್ಳೇ ಚಾಡಿ ಹೇಳಿದ್ದು" ಎಂದೆ.

"ಮಗಳು ಅಮ್ಮನ ಹತ್ರ ಹೇಳ್ದೆ ಇನ್ಯಾರ ಹತ್ರ ಹೇಳ್ತಾಳೆ? ನಿನ್ ಹಾಗೆ ಖಾನೇಲಿ ಮುಚ್ಚಿಡ್ಬೇಕಿತ್ತಾ?"

 ನಾನು ಇನ್ನೂ ನಿಮ್ಮನ್ನು ಕ್ಷಮಿಸಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅಮ್ಮ ಪೆಟ್ಟಿಗೆ ಕಟ್ಟುತ್ತಿದ್ದಾಳೆ. ಅವಳ ಎದೆ ಅಷ್ಟು ಗಟ್ಟಿಯಿಲ್ಲ, ಬಸ್ಸಿನಲ್ಲಿ ಒಂಬತ್ತು ಗಂಟೆ ಕೂರಿಸಲಾರೆ. ಜೂನ್ ಎಂಟಕ್ಕೆ ಬೆಳಗಿನ ವಿಮಾನದಲ್ಲಿ ಬರುತ್ತೇವೆ.

ಒಂದು ವಿಷಯ. ನಾನು ಹುಟ್ಟಿದ್ದು ೧೯೪೯ರ ನವೆಂಬರಿನಲ್ಲಿ. ನೀವು?

ನೊರಾಲ್ಬಾ

ತಂತಿ
ಕ್ಯಾಲಿಯಿಂದ, ೮ ಜೂನ್ ೧೯೯೦

ಪಾಸ್ತೋ ನಿಲ್ದಾಣದಲ್ಲಿ ಗಾಳಿ. ವಿಮಾನ ಇಳಿಯದೆ ವಾಪಸ್. ಅಮ್ಮನ ಹಟ. ನಾಳೆ ಬಸ್ಸು. ನೊರಾಲ್ಬಾ.

ಕ್ಯಾಲಿ
೨೦ ಜೂನ್ ೧೯೯೦

ದೆಯಾನೀರಾ,

ಕ್ಷೇಮವಾಗಿ ಬಂದು ತಲುಪಿದೆ. ನಿನ್ನ ಎದುರು ಕೂತು ಹೇಳಲಾಗದ ಎರಡು ಸಂಗತಿಗಳನ್ನು ಇಲ್ಲಿ ಬರೆಯುತ್ತೇನೆ. (ನಿಮ್ಮ ಅಡುಗೆಮನೆಯಲ್ಲಿ ಹತ್ತು ದಿನ ಒಟ್ಟಿಗೆ ಪಾತ್ರೆ ತೊಳೆದ ಮೇಲೆ "ನೀವು" ಎನ್ನಲು ಬರುತ್ತಿಲ್ಲ.)

ಮೊದಲನೆಯದು ದಾರಿಯದು. ಹಿಂದಿನ ದಿನ ವಿಮಾನ ನಿಮ್ಮ ಊರಿನ ಮೇಲೆ ಮೂರು ಸುತ್ತು ಹೊಡೆಯಿತು. ಹೊಗೆ ಬಿಡುತ್ತಿದ್ದ ಗಲೇರಾಸ್ ಬೆಟ್ಟ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ರೆಕ್ಕೆ ಅಲುಗಿದಾಗಲೆಲ್ಲ ನಾನು ದೇವರನ್ನು ಕರೆದೆ. ಅಮ್ಮ ಮಾತ್ರ, "ಹತ್ರ ಬಂದು ಬಾಗಿಲು ತೆಗೀದೆ ಹೋಗೋದು ಇವ್ರ ಊರಿನ ರೂಢಿ" ಎಂದು ಗೊಣಗಿದಳು.

ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟೇ ಬೇಕೆಂದು ಹಟ ಹಿಡಿದಳು. ಪೊಪಾಯಾನ್ ದಾಟಿದ ಮೇಲೆ ಅವಳು ಶುರು ಮಾಡಿದಳು. "ಈಗ ಎಡಕ್ಕೆ ದೊಡ್ಡ ತಿರುವು." ಬಂತು. "ಇಲ್ಲಿ ಕುದುರೆ ತಲೆ ತರದ ಬಂಡೆ." ಇತ್ತು. "ಎಲ್ ಬೊರ್ದೋದಲ್ಲಿ ಕಿತ್ತಳೆ ಮಾರೋ ಹೆಂಗಸು, ಒಂದೇ ಕಣ್ಣು." ಆ ಹೆಂಗಸು ಇರಲಿಲ್ಲ, ಅವಳ ಮಗಳು ಮಾರುತ್ತಿದ್ದಳು. ಡ್ರೈವರ್ ತಿರುಗಿ, "ಏನಜ್ಜೀ, ಎಷ್ಟು ಸಲ ಓಡಾಡಿದೀರಿ ಈ ದಾರೀಲಿ?" ಎಂದು ಕೇಳಿದ.

"ಇದೇ ಮೊದಲು ಕಣಪ್ಪ" ಎಂದಳು.

ಆಗ ನನಗೆ ತಿಳಿಯಿತು. ಮೂವತ್ತು ವರ್ಷ ಊಟಕ್ಕೆ ಕೂತು ಅಪ್ಪ ಅವಳಿಗೆ ಹೇಳುತ್ತಿದ್ದದ್ದು ದಾರಿಯ ಕಥೆಯೇ. ಒಂದು ಸಲವೂ ಅವಳನ್ನು ಕರೆದುಕೊಂಡು ಬಂದಿರಲಿಲ್ಲ.

ಎರಡನೆಯದು ಕೋಣೆಯದು. ನಮ್ಮನ್ನು ಒಳಗೆ ಬಿಟ್ಟು ನೀನು ಅಡುಗೆಮನೆಗೆ ಹೋಗಿಬಿಟ್ಟೆ. ಬೇಕೆಂದೇ ಹೋದೆ, ಗೊತ್ತು. ಅಮ್ಮ ಮಂಚದ ಪಕ್ಕ ನಿಂತಳು. ಅಪ್ಪ ಗೋಡೆಗೆ ಮುಖ ಮಾಡಿ ಮಲಗಿದ್ದರು. ಇಷ್ಟು ಸಣ್ಣವರಾಗಿದ್ದಾರೆಂದು ನಾನು ಎಣಿಸಿರಲಿಲ್ಲ. ಅಮ್ಮ ಅಳಲಿಲ್ಲ. "ಸೆಗುಂದೋ, ಕೈ ತೊಳ್ಕೋ. ಹನ್ನೊಂದು ವರ್ಷದಿಂದ ಊಟ ಆರ್ತಾ ಇದೆ" ಎಂದಳು.

ಅವರು ನಿಧಾನವಾಗಿ ತಿರುಗಿದರು. ತುಂಬ ಹೊತ್ತು ನೋಡಿದರು. ಆಮೇಲೆ ಹೇಳಿದರು: "ರಸ್ತೆ ಮುಚ್ಚಿತ್ತು, ಫಾಬಿ."

"ಹೂಂ. ಈಗ ತೆಗೆದಿದೆ. ನಾನು ಅದ್ರಲ್ಲೇ ಬಂದೆ."

ನೀನು ಬಟ್ಟಲು ತಂದಾಗ ಅವರು ಉಂಡದ್ದನ್ನು ನೀನೇ ಕಂಡೆಯಲ್ಲ.

ನನ್ನನ್ನು ಮಾತ್ರ ನರ್ಸ್ ಎಂದುಕೊಂಡರು. ಹತ್ತೂ ದಿನ ಹಾಗೇ ಕರೆದರು. ನಾವು ನಕ್ಕೆವು. ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ನಗು ಬರಲಿಲ್ಲ.

ಅಮ್ಮ ಅಲ್ಲೇ ಉಳಿಯುತ್ತೇನೆ ಎಂದಾಗ ನೀನು ಮರುಮಾತಿಲ್ಲದೆ ನಿನ್ನ ತಾಯಿಯ ಕೋಣೆ ಗುಡಿಸಿಕೊಟ್ಟೆ. ಅದನ್ನು ನೋಡಿದೆ. ಇಷ್ಟು ಸಾಕು ಈಗ.

ನೊರಾಲ್ಬಾ

ಪಾಸ್ತೋ
೨೨ ಜುಲೈ ೧೯೯೦

ನೊರಾಲ್ಬಾ ಅವರೇ,

(ನನಗೆ ಇನ್ನೂ "ನೀನು" ಬರುತ್ತಿಲ್ಲ. ನಾನು ೧೯೫೧ರ ಫೆಬ್ರವರಿಯವಳು. ಇಷ್ಟು ವರ್ಷ ಈ ಮನೆಗೆ ದೊಡ್ಡ ಮಗಳೂ ನಾನೇ, ಚಿಕ್ಕ ಮಗಳೂ ನಾನೇ. ಒಂದನ್ನು ಬಿಟ್ಟುಕೊಡಬೇಕಾಗಿದೆ, ಸ್ವಲ್ಪ ಸಮಯ ಕೊಡಿ.)

ನಿಮ್ಮ ತಾಯಿ ಕ್ಷೇಮ. ಚಳಿಯನ್ನು ಬೈಯುತ್ತಾರೆ, ನಮ್ಮ ಆಲೂಗಡ್ಡೆಯನ್ನು ಬೈಯುತ್ತಾರೆ, "ಈ ಊರಲ್ಲಿ ಬಿಸಿಲಿಗೂ ರಜೆ ಇದ್ಯೇನೇ?" ಎನ್ನುತ್ತಾರೆ. ನೀವು ಬಸ್ಸಿನವರ ಕೈಯಲ್ಲಿ ಕಳಿಸಿದ ಚೊಂತದೂರೋ ಹಣ್ಣನ್ನು ಉಪ್ಪು ಜೇನು ಹಚ್ಚಿ ತಿಂದು, ಸಿಪ್ಪೆಯನ್ನೂ ಎಸೆಯಲು ಬಿಡಲಿಲ್ಲ. ಬಾರ್ನೀಸ್ ಹಾಳೆ ಎಳೆಯಲು ಇಬ್ಬರು ಬೇಕು. ಅಮ್ಮ ಹೋದ ಮೇಲೆ ಪಕ್ಕದ ಮನೆಯವರನ್ನು ಗೋಗರೆಯುತ್ತಿದ್ದೆ. ಈಗ ಇನ್ನೊಂದು ಅಂಚನ್ನು ನಿಮ್ಮ ತಾಯಿ ಹಿಡಿಯುತ್ತಾರೆ. ಮೂರು ಹಾಳೆ ಹರಿದರು, ನಾಲ್ಕನೆಯದು ಬೆಳಕು ಕಾಣುವಷ್ಟು ತೆಳುವಾಗಿ ಬಂತು.

ಗೋಡೆಯ ಮೇಲಿನ ಅಮ್ಮನ ಪಟ ತೆಗೆದಿಡಲು ಹೋದೆ. "ಯಾಕೆ ತೆಗೀತೀಯ? ಅವ್ರ ಮನೆ ಇದು. ನೆಂಟಳು ನಾನು" ಎಂದು ಕೈ ತಡೆದರು.

ಅಪ್ಪ ಈಗ ಐದಕ್ಕೆ ಏಳುವುದಿಲ್ಲ. ಏಳಕ್ಕೆ ಎದ್ದು ಕಾಫಿ ಕೇಳುತ್ತಾರೆ. ಮೊನ್ನೆ ಗುರುವಾರ, ಕಿಟಕಿಯ ಹತ್ತಿರ ಕೂರಿಸಿದ್ದೆ, ಶಾಲೆಯ ಮಕ್ಕಳು ಗದ್ದಲ ಮಾಡುತ್ತ ಹೋಗುತ್ತಿದ್ದರು. "ನೊರಾ ಎಲ್ಲಿ? ಇನ್ನೂ ಶಾಲೆ ಬಿಟ್ಟಿಲ್ವಾ?" ಎಂದು ಕೇಳಿದರು. ಇದನ್ನು ನಿಮಗೆ ಬರೆಯಲೇಬೇಕು ಎಂದು ಅಂದಿನಿಂದ ಕಾಯುತ್ತಿದ್ದೆ. ಅವರ ನೆನಪಿನಲ್ಲಿ ನೀವು ಚಿಕ್ಕವರು. ಅದಕ್ಕೇ ಗುರುತು ಹತ್ತಲಿಲ್ಲ.

ದೆಯಾನೀರಾ

ಪಾಸ್ತೋ
೧೯ ಸೆಪ್ಟೆಂಬರ್ ೧೯೯೦

ನೊರಾ,

ತಂತಿ ಕಳಿಸಿದೆ, ಸಿಕ್ಕಿರಬೇಕು. ನೀನು ಮೂರು ದಿನದಿಂದ ಎರಡೂ ದಾರಿ ಪ್ರಯತ್ನಿಸುತ್ತಿದ್ದೀಯ ಎಂದು ಬಸ್ ನಿಲ್ದಾಣದವರು ತಿಳಿಸಿದರು. ರೋಸಾಸ್ ಹತ್ತಿರ ಗುಡ್ಡ ಕುಸಿದಿದೆ, ಇಲ್ಲಿ ಗಾಳಿಗೆ ವಿಮಾನ ಇಳಿಯುತ್ತಿಲ್ಲ. ಅಂತ್ಯಕ್ರಿಯೆಗೆ ನಿನಗಾಗಿ ಕಾಯಬಹುದಿತ್ತೇನೋ, ಪಾದ್ರಿಗಳು ಒಪ್ಪಲಿಲ್ಲ. ಈ ಪತ್ರವನ್ನು ಕುಸಿದ ಮಣ್ಣಿನ ಈಚೆಗಿರುವ ಡ್ರೈವರ್ ಆಚೆಗಿನವನಿಗೆ ದಾಟಿಸುತ್ತೇನೆ ಎಂದಿದ್ದಾನೆ. ಅಪ್ಪನ ಹಳೆಯ ಜೊತೆಗಾರನ ಮಗ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಅಪ್ಪ ಹೋದರು. ಕಾಫಿ ಅರ್ಧ ಕುಡಿದಿದ್ದರು. ನಿನ್ನ ಅಮ್ಮ ನೊರೆ ಹಚ್ಚಿ ಅವರ ಗಡ್ಡ ಬೋಳಿಸುತ್ತಿದ್ದರು. "ಅಲುಗಾಡ್ಬೇಡ" ಎಂದರಂತೆ, ಅವರು ಅಲುಗಾಡಲಿಲ್ಲ. ನೋವಿರಲಿಲ್ಲ. ಮುಕ್ಕಾಲು ಬೋಳಿಸಿದ ಮುಖವನ್ನು ನಾವಿಬ್ಬರೂ ಸೇರಿ ಮುಗಿಸಿದೆವು.

ಆಮೇಲೆ ಸಾವಿನ ಪ್ರಕಟಣೆ ಅಚ್ಚು ಹಾಕಿಸಲು ಹೋದೆ. ಇಗರ್ಜಿಯ ಬಾಗಿಲಿಗೆ, ಬೀದಿಯ ಮೂಲೆಗಳಿಗೆ ಅಂಟಿಸುವ ಕಪ್ಪು ಅಂಚಿನ ಹಾಳೆ, ನಿಮ್ಮಲ್ಲೂ ಹಾಕುತ್ತೀರಲ್ಲ. ಈ ಊರಿನಲ್ಲಿ ಬೆಳಗಿನ ರೊಟ್ಟಿ ತರಲು ಹೋಗುವವರೆಲ್ಲ ಮೊದಲು ಓದುವುದು ಅದನ್ನೇ. ಹೊರಡುವ ಮುಂಚೆ ನಿನ್ನ ಅಮ್ಮನನ್ನು ಕೇಳಿದೆ. "ನನ್ನ ಹೆಸರು ಬೇಡ. ಹೆಂಡತಿ ಅನ್ನೋ ಕಡೆ ನಿಮ್ಮಮ್ಮ ಸೊಯ್ಲಾ ಇರ್ಲಿ" ಎಂದರು. ಸರಿ ಎಂದೆ.

ಅಚ್ಚುಕೂಟದವನು ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು, "ಮಕ್ಕಳು ಅನ್ನೋ ಕಡೆ ಒಂದೇ ಹೆಸರು ತಾನೇ, ದೆಯಾನೀರಮ್ಮಾ?" ಎಂದ.

"ಎರಡು. ಬರ್ಕೋ" ಎಂದೆ.

ನಿನ್ನೆ ಪೂಜೆ ಮುಗಿಸಿ ಹೊರಗೆ ಬಂದಾಗ ನಮ್ಮ ಬೀದಿಯ ದೋನ್ಯಾ ಇಸ್ಮೇನಿಯಾ ಬಾಗಿಲ ಹತ್ತಿರ ನಿಂತು ಆ ಹಾಳೆಯನ್ನು ಬೆರಳಿಟ್ಟು ಓದುತ್ತಿದ್ದರು. ನನ್ನನ್ನು ಹುಟ್ಟಿದಾಗಿನಿಂದ ಬಲ್ಲವರು. ಸುತ್ತ ಜನರಿದ್ದರು. ನಿನ್ನ ಅಮ್ಮ ನನ್ನ ತೋಳು ಹಿಡಿದುಕೊಂಡಿದ್ದರು.

"ಅಲ್ವೇ ಮಗಳೇ, ನಿನ್ ಹೆಸರಿಗಿಂತ ಮೇಲೆ ಇನ್ನೊಂದು ಹೆಸರು ಹಾಕ್ಬಿಟ್ಟಿದ್ದಾರಲ್ಲೇ" ಎಂದರು. "ಈ ನೊರಾಲ್ಬಾ ಯಾರು?"

"ನಮ್ಮಕ್ಕ" ಎಂದೆ. "ರಸ್ತೆ ತೆಗೆದ ತಕ್ಷಣ ಬರ್ತಾಳೆ."

ದೆಯಾನೀರಾ